ಆಯಿಯ ಫೋನಿಗೆ ಬೀಗವಿಲ್ಲ

“ನಮ್ಮ ಮನ್ಯಾಗ ರಾತ್ರಿ ಒಂಬತ್ತಕ್ಕ ಮಗಳ ಫೋನ್ ತಾನಾಗೇ ಬಂದ್ ಆಗ್ತದ. ಅಳ್ಲಿ, ಸಿಟ್ಟಿಗೇಳ್ಲಿ, ನಾ ಮಾತ್ರ ತಗಿಯಂಗಿಲ್ಲ.”

“ನಾವು ಬೀಗಾನ ಹಾಕಿಲ್ರಿ. ಹಾಕೂದೂ ಇಲ್ಲ.”

ಹುಬ್ಬಳ್ಳಿಯ ಕೇಶ್ವಾಪುರದ ಒಂದು ಅಪಾರ್ಟ್‌ಮೆಂಟಿನ ನೆಲಮಹಡಿ, ಭಾನುವಾರದ ಸಂಜೆ. ಮೊದಲ ಮಾತು ಆಡಿದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ತಾಯಿ. ಮಗಳು ಎಂಟನೆಯ ತರಗತಿ. ಉತ್ತರ ಕೊಟ್ಟವರು ಮೇಲಿನ ಮಹಡಿಯ ತಂದೆ, ರೈಲ್ವೆ ನೌಕರ. ಮಗ ಒಂಬತ್ತನೆಯ ತರಗತಿ. ನಡುವೆ ಚಹಾ ಕುಡಿಯುತ್ತ ಕುಳಿತವರು ನಿವೃತ್ತ ಮುಖ್ಯೋಪಾಧ್ಯಾಯರು, ಇಡೀ ಓಣಿಗೆ ‘ಮಾಸ್ತರು’. ಬಾಗಿಲ ಹತ್ತಿರ ಮೆಂತ್ಯದ ಸೊಪ್ಪು ಸೋಸುತ್ತ ಕುಳಿತವರು ಆ ತಾಯಿಯ ಅತ್ತೆ, ಮೊಮ್ಮಗಳ ‘ಆಯಿ’. ಮಕ್ಕಳ ಪರೀಕ್ಷೆಯ ಅಂಕಗಳಿಂದ ಶುರುವಾದ ಮಾತು ಫೋನಿಗೆ ಬರಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ತಾಯಿ ತನ್ನ ಪದ್ಧತಿಯನ್ನು ವಿವರವಾಗಿ ಹೇಳಿದರು. ಮಗಳ ಹೆಸರಿನಲ್ಲಿ ಬೇರೆ ಗೂಗಲ್ ಖಾತೆ ಇದೆ. ಅದು ಫ್ಯಾಮಿಲಿ ಲಿಂಕ್ ಎಂಬ ಕಾವಲು ಆ್ಯಪ್ ಮೂಲಕ ತಾಯಿಯ ಫೋನಿಗೆ ಜೋಡಣೆಯಾಗಿದೆ. ಮಗಳು ಯಾವ ಆ್ಯಪ್ ಇಳಿಸಿಕೊಳ್ಳಬೇಕೆಂದರೂ ಮೊದಲು ಅಮ್ಮನ ಫೋನಿಗೆ ಅನುಮತಿಯ ಕೋರಿಕೆ ಬರುತ್ತದೆ. ದಿನಕ್ಕೆ ಒಂದೂವರೆ ಗಂಟೆ ಮಿತಿ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಬೀಗ. ಟ್ಯೂಷನ್ನಿಗೆ ಹೋದಾಗ ಎಲ್ಲಿದ್ದಾಳೆ ಎಂಬುದೂ ನಕಾಶೆಯಲ್ಲಿ ಕಾಣುತ್ತದೆ.

“ಇದು ಸಂಶಯ ಅಲ್ರೀ, ಹೊಣೆ. ಎಂಟು ಗಂಟೇಕ್ಕ ನಾ ಮನಿಗೆ ಬರ್ತೀನಿ. ಅಷ್ಟೊತ್ತನಕ ಆಕಿ ಏನ್ ನೋಡ್ತಾಳ ಅನ್ನೂದು ನನಗ ಗೊತ್ತಿರಬೇಕಲ್ಲ?”

“ನನಗೂ ಗೊತ್ತಿರಬೇಕು,” ಎಂದರು ತಂದೆ. “ಆದ್ರ ವಾರದಾಗ ಮೂರು ದಿನ ನನಗ ನೈಟ್ ಡ್ಯೂಟಿ ಇರ್ತೈತಿ. ಕಾಯಾಕ ಆಗಂಗಿಲ್ಲ ಅಂದ್ಮ್ಯಾಲೆ, ಅಂವ ತಾನಾಗೇ ಬಂದು ಹೇಳೂಹಂಗ ಇಟ್ಕೊಂಡಿನಿ. ಒಂದು ಕೆಲಸ ಮಾತ್ರ ಇಬ್ಬರೂ ಕೂತು ಮಾಡೇವಿ.” ಅವರು ಜೇಬಿನಿಂದ ಫೋನ್ ತೆಗೆದು ಯೂಟ್ಯೂಬ್ ತೋರಿಸಿದರು. ಮೊದಲ ಪುಟ ಖಾಲಿ. ಒಂದು ಚಿತ್ರವಿಲ್ಲ, ಒಂದು ಶಾರ್ಟ್ಸ್ ಇಲ್ಲ. ಮೇಲೆ ಹುಡುಕುವ ಪಟ್ಟಿ ಮಾತ್ರ. “ವಾಚ್ ಹಿಸ್ಟರಿ ಬಂದ್ ಮಾಡೇವಿ, ಹಳೇದನ್ನೂ ಅಳಿಸೇವಿ. ಈಗ ಏನ್ ಬೇಕೋ ಅದನ್ನ ಹುಡುಕೇ ನೋಡಬೇಕು. ಮಗಂದೂ ಹಿಂಗ, ನಂದೂ ಹಿಂಗ.”

ಈ ಸೌಲಭ್ಯ 2023ರ ಆಗಸ್ಟ್‌ನಿಂದ ಇದೆ. ಹಿಂದೆ ನೋಡಿದ್ದರ ದಾಖಲೆ ಇಲ್ಲದಿದ್ದರೆ ಯೂಟ್ಯೂಬ್ ಮುಖಪುಟದಲ್ಲಿ ತಾನಾಗಿ ಏನನ್ನೂ ಬಡಿಸುವುದಿಲ್ಲ. ಬೆರಳು ಎಳೆದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಅಜ಼ಾ ರಾಸ್ಕಿನ್, ಜನರ ಹೊತ್ತು ಹೀಗೆ ಹಾಳಾಗುವುದನ್ನು ಕಂಡು ಮುಂದೆ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. ಹದಿನಾಲ್ಕು ವರ್ಷದ ಹುಡುಗನ ಎದುರಿಗಿರುವುದು ಬರೀ ಅವನ ಚಪಲವಲ್ಲ. ಅವನು ಎಷ್ಟು ಹೊತ್ತು ನೋಡಿದರೆ ತಮಗೆ ಎಷ್ಟು ಆದಾಯ ಎಂದು ಲೆಕ್ಕ ಹಾಕಿ ಕಟ್ಟಿದ ಯಂತ್ರ ಅದು. ಈ ಮಾತನ್ನು ಬಿಟ್ಟು ‘ಈಗಿನ ಹುಡುಗರಿಗೆ ಶಿಸ್ತಿಲ್ಲ’ ಎಂದು ಬೈಯುವುದು ಅನ್ಯಾಯ.

ತಾಯಿ ಒಪ್ಪಲಿಲ್ಲ. “ಕಾಕತಿಯೊಳಗ ಆದದ್ದು ಮರತೀರೇನು?”

ಬೆಳಗಾವಿ ಹತ್ತಿರದ ಕಾಕತಿಯ ಆ ಪ್ರಕರಣವನ್ನು ಈ ಭಾಗದ ತಂದೆತಾಯಂದಿರು ಮರೆತಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ, ಪಬ್‌ಜಿ ಆಡಬೇಡ ಎಂದು ತಡೆದ ತಂದೆಯನ್ನು 21 ವರ್ಷದ ಮಗನೇ ಕೊಂದ ಆರೋಪ ಅದು. ಮರುವರ್ಷದ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಬ್‌ಜಿಯೂ ಹೋಯಿತು. ಅನೇಕ ಮನೆಗಳು ನೆಮ್ಮದಿಯ ನಿಟ್ಟುಸಿರು ಬಿಟ್ಟವು. 2021ರ ಜುಲೈನಲ್ಲಿ ಅದೇ ಆಟ ಬೇರೆ ಹೆಸರಿನಲ್ಲಿ ಮರಳಿ ಬಂತು.

“ಮರತಿಲ್ಲ,” ಎಂದರು ತಂದೆ. “ಆದ್ರ ಅಂಥಾದ್ದೊಂದನ್ನ ಇಟ್ಕೊಂಡು ನನ್ನ ಮಗನ್ನ ನೋಡಾಕ ನನ್ನಿಂದ ಆಗಂಗಿಲ್ಲ.”

ಇಷ್ಟು ಹೊತ್ತು ಸುಮ್ಮನಿದ್ದ ಆಯಿ ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟರು. “ಒಂಬತ್ತರ ಮ್ಯಾಲೆ ಕೂಸು ನನ್ನ ಫೋನ್ ತಗೊಂಡು ನೋಡ್ತದವಾ. ನಿನಗ ಗೊತ್ತಿಲ್ಲೇನು?”

ಗೊತ್ತಿರಲಿಲ್ಲ. ಆಯಿಗೆ ಆ ಫೋನ್ ಕೊಡಿಸಿದ್ದು ಸಿದ್ಧಾರೂಢ ಮಠದ ಪ್ರವಚನ, ಭಜನೆ ಕೇಳಲೆಂದು. ಬೆರಳಚ್ಚು ಸರಿಯಾಗಿ ಹತ್ತುವುದಿಲ್ಲ, ನಂಬರ್ ನೆನಪಿರುವುದಿಲ್ಲ ಎಂದು ಅದಕ್ಕೆ ಬೀಗವನ್ನೇ ಹಾಕಿರಲಿಲ್ಲ. ಫ್ಯಾಮಿಲಿ ಲಿಂಕ್‌ನ ಕಾವಲು ಮಗುವಿನ ಖಾತೆಗೆ, ಮಗುವಿಗಲ್ಲ. ಪಕ್ಕದ ಹಾಸಿಗೆಯ ಮೇಲಿರುವ ಇನ್ನೊಂದು ಫೋನ್ ಅದರ ಕಣ್ಣಿಗೆ ಬೀಳುವುದೇ ಇಲ್ಲ.

“ನನಗ ಯಾಕ ಹೇಳ್ಲಿಲ್ರೀ?”

“ಹೇಳಬ್ಯಾಡ ಆಯಿ, ಅಮ್ಮ ನನ್ನ ಫೋನ್ ಪೂರ್ತಿ ಕಸಗೋತಾಳ ಅಂತು. ಹೆದರಿತ್ತು. ಹೆದರಿದ ಕೂಸಿನ ಮ್ಯಾಲೆ ಚಾಡಿ ಹೇಳ್ಲೇನು?”

ಸ್ವಲ್ಪ ಹೊತ್ತಿನ ಮೇಲೆ ತಂದೆ ತಮ್ಮ ಮನೆಯ ಒಂದು ಸಂಗತಿ ಹೇಳಿದರು. ಆಟವೊಂದರಲ್ಲಿ ಪರಿಚಯವಾದ ಯಾರೋ ‘ನಿನಗೆ ಬೇಕಾದ ಸ್ಕಿನ್ (ಆಟದ ಪಾತ್ರಕ್ಕೆ ಹೊಸ ವೇಷ) ಕೊಡಿಸ್ತೀನಿ, ಒಂದು ಫೋಟೊ ಕಳಿಸು’ ಎಂದು ಅವರ ಮಗನ ಬೆನ್ನು ಹತ್ತಿದ್ದರು. ಮೊದಲು ಮುಖದ ಫೋಟೊ. ಆಮೇಲೆ ಬೇರೆ ಥರದ್ದು. ಹುಡುಗ ಮಾರನೆಯ ಬೆಳಿಗ್ಗೆ, ಅಪ್ಪ ಡ್ಯೂಟಿಯಿಂದ ಬಂದು ಬೂಟು ಕಳಚುತ್ತಿದ್ದಾಗ, ಫೋನನ್ನು ಮುಂದೆ ಹಿಡಿದು ನಿಂತ. ಇಬ್ಬರೂ ಕೂತು ಆ ಖಾತೆಯನ್ನು ಬ್ಲಾಕ್ ಮಾಡಿದರು, ರಿಪೋರ್ಟ್ ಮಾಡಿದರು, ಬಂದ ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರು.

“ಫೋನ್ ಕಸಗೋತಾನ ಅಪ್ಪ ಅನ್ನೂ ಹೆದರಿಕಿ ಇದ್ದಿದ್ರ, ಅಂವ ನನ್ನ ಮುಂದ ಬರತಿದ್ದಿಲ್ಲ.”

ತಾಯಿ ಬಹಳ ಹೊತ್ತು ಯೋಚಿಸಿ ಕೇಳಿದ ಪ್ರಶ್ನೆ ನೇರವಾಗಿತ್ತು: “ಖರೆ. ಆದ್ರ ನನ್ನ ಮಗಳಿಗೆ ಆ ಆಟಾನೇ ಸಿಗಂಗಿಲ್ಲ. ಅಂಥಾವರು ಆಕಿ ಹತ್ರ ಬರೂದ ಕಡಿಮಿ. ನಿಮ್ಮ ಹುಡುಗ ಹೇಳಿದ, ಛಲೋ ಆತು. ಹೇಳದಿದ್ರ?”

ಇಬ್ಬರ ಮಾತಿಗೂ ಆಧಾರವಿದೆ. ಲಂಡನ್ನಿನ ಸಂಶೋಧಕಿ ಸೋನಿಯಾ ಲಿವಿಂಗ್‌ಸ್ಟನ್ ಮತ್ತು ಸಂಗಡಿಗರು ಯುರೋಪಿನ ಎಂಟು ದೇಶಗಳ ಸುಮಾರು 6,400 ತಂದೆತಾಯಂದಿರನ್ನು ಮಾತನಾಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ. ಕಟ್ಟುಪಾಡು ಹೆಚ್ಚಿರುವ ಮನೆಗಳಲ್ಲಿ ಮಕ್ಕಳಿಗೆ ಅಪಾಯ ಎದುರಾಗುವುದು ಕಡಿಮೆ. ಕಲಿಯುವ ಅವಕಾಶವೂ ಕಡಿಮೆ. ಜೊತೆಗೆ ಕೂತು ಮಾತಾಡಿ ದಾರಿ ಬಿಡುವ ಮನೆಗಳಲ್ಲಿ ಅವಕಾಶ ಹೆಚ್ಚು, ಅಪಾಯವೂ ಹೆಚ್ಚು. ಎರಡರಲ್ಲೂ ಲಾಭ ಮಾತ್ರ ಪಡೆಯುವ ದಾರಿ ಯಾರಿಗೂ ಸಿಕ್ಕಿಲ್ಲ.

ಆದರೂ ಒಂದು ವಿಷಯದಲ್ಲಿ ತೂಕ ಸಮವಿಲ್ಲ. ಸಮಯದ ಮಿತಿ ಹಾಕುವುದು ಬೇರೆ, ತಪ್ಪು ಸಿಕ್ಕಿತೆಂದು ಫೋನನ್ನೇ ಕಸಿದುಕೊಳ್ಳುವ ಬೆದರಿಕೆ ಬೇರೆ. ಮೊದಲನೆಯದನ್ನು ಮಗು ಸಹಿಸುತ್ತದೆ, ಗೊಣಗುತ್ತ ಒಪ್ಪುತ್ತದೆ. ಎರಡನೆಯದು ಮಗುವಿನ ಬಾಯಿ ಮುಚ್ಚಿಸುತ್ತದೆ. ಯಾರೋ ಹೆದರಿಸುತ್ತಿದ್ದಾರೆ, ಫೋಟೊ ಹಂಚುತ್ತೇನೆ ಅನ್ನುತ್ತಿದ್ದಾರೆ ಎಂಬ ಸ್ಥಿತಿಯಲ್ಲಿ ಆ ಮೌನಕ್ಕೆ ತೆರಬೇಕಾದ ಬೆಲೆ ದೊಡ್ಡದು. ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಗೆ 1930, ಮನಸ್ಸಿನ ತೊಂದರೆಗೆ ಟೆಲಿ ಮಾನಸ್‌ನ 14416 ಇವೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ತಂತ್ರಜ್ಞಾನದ ಚಟಕ್ಕೆಂದೇ ‘ಶಟ್’ ಕ್ಲಿನಿಕ್ ನಡೆಸುತ್ತಿದೆ. ಸಹಾಯವಾಣಿಗೆ ಮಗು ತಾನೇ ಕರೆ ಮಾಡಬಹುದು; ಆದರೆ ಮೊದಲು ಮನೆಯಲ್ಲಿ ಒಬ್ಬರಿಗೆ ಹೇಳಲು ಸಾಧ್ಯವಾದರೆ ಇವುಗಳನ್ನು ತಲುಪುವುದು ಸುಲಭ.

ಮಾಸ್ತರು ಗ್ರಾಮೀಣ ಮಕ್ಕಳ ಕಲಿಕೆಯ ಸಮೀಕ್ಷೆಯಾದ ಅಸರ್ ವರದಿಯ ಮಾತು ತೆಗೆದರು. 2024ರ ಅಸರ್ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರ ಓದಿಗಾಗಿ ಬಳಸಿದವರು ಶೇ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಜಾಲತಾಣ ಬಳಸುವವರಲ್ಲಿ ಬೇಡದ ಖಾತೆಯನ್ನು ಬ್ಲಾಕ್ ಅಥವಾ ರಿಪೋರ್ಟ್ ಮಾಡಲು ಗೊತ್ತಿದ್ದವರು ಶೇ 62, ತಮ್ಮ ಖಾತೆಯನ್ನು ಖಾಸಗಿಯಾಗಿಡಲು ಗೊತ್ತಿದ್ದವರು ಶೇ 55.

“ಹತ್ತು ಹುಡುಗರೊಳಗ ನಾಲ್ಕು ಮಂದಿಗೆ ಬ್ಲಾಕ್ ಮಾಡೂದ ಗೊತ್ತಿಲ್ಲ. ಈಜು ಕಲಿಸದ ಹೊಳಿಗೆ ಕಳಿಸಿದಂಗ ಆತಿದು,” ಎಂದರು ಮಾಸ್ತರು. ತಾಯಿ ತಕ್ಷಣ ಹೇಳಿದರು: “ಈಜು ಬರೂತನಕ ಹೊಳಿಗೆ ಕಳಸಂಗಿಲ್ಲ ಅನ್ನೂದ ನನ್ನ ಮಾತು.”

“ಇದನ್ನೆಲ್ಲ ಸರ್ಕಾರಾನೇ ಮಾಡಿದ್ರ ಮನ್ಯಾಗ ಜಗಳ ತಪ್ಪತಿತ್ತು,” ಎಂದು ಅವರು ಮತ್ತೆ ಸೇರಿಸಿದರು.

“ಮಾಡಿ ನೋಡ್ಯಾರ,” ಎಂದರು ಮಾಸ್ತರು. 2020ರ ಜೂನ್‌ನ ನೆನಪು ಅವರದು. ಕೋವಿಡ್ ಕಾಲ, ಶಾಲೆಗಳು ಮುಚ್ಚಿ, ಎಲ್‌ಕೆಜಿ ಮಕ್ಕಳನ್ನೂ ಲ್ಯಾಪ್‌ಟಾಪಿನ ಮುಂದೆ ಕೂರಿಸುತ್ತಿದ್ದ ದಿನಗಳು. ಕರ್ನಾಟಕ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ಪಾಠವೇ ಬೇಡ ಎಂದಿತು; ಶಿಕ್ಷಣತಜ್ಞ ಎಂ.ಕೆ. ಶ್ರೀಧರ್ ಅವರ ನೇತೃತ್ವದಲ್ಲಿ ಸಮಿತಿಯನ್ನೂ ಮಾಡಿತು. ಜೂನ್ 15 ಮತ್ತು 27ರ ಆ ಆದೇಶಗಳಿಗೆ ಹೈಕೋರ್ಟು ಜುಲೈ 8ರಂದು ತಡೆ ಕೊಟ್ಟಿತು. ಮಕ್ಕಳ ಶಿಕ್ಷಣದ ಹಕ್ಕಿಗೆ ಇದು ಅಡ್ಡಿ ಎಂಬುದು ನ್ಯಾಯಪೀಠದ ನಿಲುವು. ಮೂರು ವರ್ಷಗಳ ನಂತರ, 2023ರ ಸೆಪ್ಟೆಂಬರ್‌ನಲ್ಲಿ, ಅದೇ ಹೈಕೋರ್ಟಿನ ಇನ್ನೊಂದು ಪೀಠ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಮೇಲ್ಮನವಿ ಕೇಳುವಾಗ, ಮದ್ಯಕ್ಕೆ ಇರುವಂತೆ ಸಾಮಾಜಿಕ ಜಾಲತಾಣಕ್ಕೂ ವಯಸ್ಸಿನ ಮಿತಿ ಇರಬೇಕು ಎಂದು ಮೌಖಿಕವಾಗಿ ಹೇಳಿತು. ತಂದೆತಾಯಂದಿರ ಮನಸ್ಸು ಆಡುವ ತೂಗುಯ್ಯಾಲೆಯೇ ನ್ಯಾಯಾಲಯದಲ್ಲೂ ಕಾಣುತ್ತದೆ.

ಆಸ್ಟ್ರೇಲಿಯಾ ಒಂದು ಹೆಜ್ಜೆ ಮುಂದೆ ಹೋಗಿದೆ. 2025ರ ಡಿಸೆಂಬರ್ 10ರಿಂದ ಅಲ್ಲಿ 16 ವರ್ಷದೊಳಗಿನವರು ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಯೂಟ್ಯೂಬ್ ಮೊದಲಾದವುಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ತಪ್ಪಿದರೆ ದಂಡ ಕಂಪನಿಗೆ, 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ಮಗುವಿಗೂ ಇಲ್ಲ, ತಂದೆತಾಯಿಗೂ ಇಲ್ಲ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರ ಒಳಗಿನವರೆಲ್ಲರನ್ನೂ ಮಕ್ಕಳೆಂದು ಕರೆದು, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಕಂಪನಿಗಳಿಗೆ ಸಿಕ್ಕ ಗಡುವು ಹದಿನೆಂಟು ತಿಂಗಳು.

“ಒಪ್ಪಿಗಿ ಅಂದ್ರ ಏನ್ರಿ? ನಮ್ಮ ಫೋನಿಗೆ ಒಟಿಪಿ ಬರ್ತೈತಿ, ಮಗಾನ ನೋಡಿ ಹೊಡಿತಾನ,” ಎಂದರು ತಂದೆ. “ಹುಟ್ಟಿದ ವರ್ಷ 2001 ಅಂತ ಹಾಕಿದ ಹುಡುಗೂರು ಅವನ ಕ್ಲಾಸಿನ್ಯಾಗ ಎಷ್ಟ್ ಮಂದಿ ಅದಾರ ಕೇಳ್ರಿ.”

ಕಾನೂನು ಬೇಡವೆಂದಲ್ಲ. ಕಂಪನಿಯ ಮೇಲೆ ಹೊಣೆ ಹೊರಿಸುವ ಕಾನೂನು ಖಂಡಿತ ಬೇಕು. ಆಸ್ಟ್ರೇಲಿಯಾದ ಕಾಯ್ದೆಯಲ್ಲಿ ಗಮನಿಸಬೇಕಾದ ಅಂಶ ವಯಸ್ಸಿಗಿಂತ ಹೆಚ್ಚಾಗಿ ಅದೇ. ಆದರೆ ರಾತ್ರಿ ಒಂಬತ್ತೂಕಾಲಿಗೆ ಆಯಿಯ ಹಾಸಿಗೆಯ ಹತ್ತಿರ ನಡೆಯುವುದನ್ನು ದೆಹಲಿಯ ಕಾಯ್ದೆ ನೋಡಲಾರದು.

ಆಗ ಮಾಸ್ತರು ಹಲಗಾದ ಮಾತು ಎತ್ತಿದರು.

ಹುಬ್ಬಳ್ಳಿಯಿಂದ ಬೆಳಗಾವಿಗೆ ಹೆದ್ದಾರಿಯಲ್ಲಿ ಹೋಗುವವರೆಲ್ಲ ಆ ಊರನ್ನು ದಾಟಿಯೇ ಹೋಗುತ್ತಾರೆ. ಸುವರ್ಣ ವಿಧಾನಸೌಧ ಇರುವುದು ಅಲ್ಲೇ. 2024ರ ಡಿಸೆಂಬರ್‌ನಲ್ಲಿ ಹಲಗಾದ ಗ್ರಾಮಸ್ಥರು ಒಂದು ತೀರ್ಮಾನ ಮಾಡಿದರು. ಸಂಜೆ ಏಳಕ್ಕೆ ಊರಿಗೆಲ್ಲ ಕೇಳುವಂತೆ ಸೈರನ್. ಅಲ್ಲಿಂದ ಒಂಬತ್ತರವರೆಗೆ ಮನೆಗಳಲ್ಲಿ ಟಿವಿ ಬಂದ್, ಮೊಬೈಲ್ ಬಂದ್. ಮಕ್ಕಳು ಓದಬೇಕು, ದೊಡ್ಡವರು ಅವರೊಂದಿಗೆ ಇರಬೇಕು. ಇದಕ್ಕೆ ಮಾದರಿ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ಹಳ್ಳಿಗಳು. ಅಲ್ಲಿನ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರ ಆಗಸ್ಟ್‌ನಿಂದಲೇ ಏಳರಿಂದ ಎಂಟೂವರೆಯವರೆಗೆ ಇದೇ ಪದ್ಧತಿ; ದೇವಸ್ಥಾನದ ಮೇಲಿನಿಂದ ಸೈರನ್. ಮೊದಮೊದಲು ನಕ್ಕವರಿದ್ದರು. ನಿವೃತ್ತ ಶಿಕ್ಷಕರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತಿಳಿಹೇಳಿದರು.

“ಕೇಶ್ವಾಪುರದಾಗ ಸೈರನ್ ಊದಿದ್ರ ಯಾರ್ ಕೇಳ್ತಾರ್ರೀ?” ತಂದೆ ಕೇಳಿದರು.

“ಊದಬ್ಯಾಡ. ಆದ್ರ ಅಲ್ಲಿ ಏನ್ ಮಾಡ್ಯಾರ ಅನ್ನೂದು ನೋಡು. ಬರೇ ಹುಡುಗೂರ ಫೋನ್ ಬಂದ್ ಮಾಡಿಲ್ಲ. ಎಲ್ಲಾರದೂ ಬಂದ್.”

ಹಲಗಾದ ಪ್ರಯೋಗದ ತಿರುಳು ಇದೇ, ಉಳಿದದ್ದು ವ್ಯವಸ್ಥೆ. ನಗರದ ಮನೆಗಳಲ್ಲಿ ನಿಯಮ ಯಾವಾಗಲೂ ಮಗುವಿಗೆ ಮಾತ್ರ ಬರೆದಿರುತ್ತದೆ. ಮಗಳ ಫೋನ್ ಒಂಬತ್ತಕ್ಕೆ ಬೀಗ; ಅಮ್ಮನ ಫೋನ್ ಬ್ಯಾಂಕಿನ ವಾಟ್ಸ್‌ಆ್ಯಪ್ ಗುಂಪಿಗೆ ಹನ್ನೊಂದರವರೆಗೆ ಎಚ್ಚರ. ಊಟದ ತಟ್ಟೆಯ ಪಕ್ಕ ಅಪ್ಪನ ಫೋನ್ ಹೊಳೆಯುತ್ತಿರುತ್ತದೆ. ಇದರಲ್ಲಿ ಅನ್ಯಾಯವಿದೆ ಎಂದು ಹದಿಮೂರು ವರ್ಷದವಳಿಗೆ ಅನ್ನಿಸುವುದು ಸಹಜ, ಮತ್ತು ಅವಳ ಎಣಿಕೆ ಸರಿ. ಹಾಗೆ ಅನ್ನಿಸಿದ ದಿನ ಅವಳು ಆಯಿಯ ಫೋನಿಗೆ ಕೈಚಾಚುತ್ತಾಳೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಎರಡು ವರ್ಷದೊಳಗೆ ಪರದೆಯೇ ಬೇಡ, ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಹತ್ತರವರೆಗೆ ಎರಡು ಗಂಟೆಗಿಂತ ಕಡಿಮೆ ಎನ್ನುತ್ತದೆ. ಹದಿಹರೆಯಕ್ಕೆ ಬಂದಾಗ ನಿದ್ದೆ, ಆಟ, ಓದು, ಮನೆಯವರೊಂದಿಗಿನ ಹೊತ್ತು ಉಳಿಯುತ್ತದೆಯೇ ಎಂದು ನೋಡುವುದು ಗಡಿಯಾರಕ್ಕಿಂತ ಮುಖ್ಯವಾಗುತ್ತದೆ. ಮನೆಯವರೊಂದಿಗಿನ ಹೊತ್ತು ಎಂದರೆ ಮನೆಯವರೂ ಆ ಹೊತ್ತಿನಲ್ಲಿ ಅಲ್ಲಿರಬೇಕಲ್ಲ.

“ನನ್ನ ಫೋನ್ ಬಂದ್ ಮಾಡಾಕ ಆಗಂಗಿಲ್ರಿ. ಡ್ಯೂಟಿ ಕಾಲ್ ಬರ್ತಾವ,” ಎಂದರು ರೈಲ್ವೆಯವರು.

“ಬಂದ್ ಬ್ಯಾಡ್ರಿ. ಹಾಲಿನ್ಯಾಗ ಇಡ್ರಿ, ರಿಂಗ್ ಕೇಳಸ್ತದ,” ಎಂದವರು ತಾಯಿ. ಮೊದಲ ಬಾರಿಗೆ ಅವರು ಬೀಗದ ಹೊರಗಿನ ಒಂದು ದಾರಿಯನ್ನು ತಾವೇ ಸೂಚಿಸಿದ್ದರು. ಮನೆಯ ಎಲ್ಲ ಚಾರ್ಜರುಗಳೂ ಹಾಲಿನ ಒಂದೇ ಪ್ಲಗ್ಗಿನ ಬಳಿ; ಒಂಬತ್ತಾದ ಮೇಲೆ ಎಲ್ಲರ ಫೋನೂ ಅಲ್ಲೇ; ಮಲಗುವ ಕೋಣೆಗೆ ಯಾರದೂ ಇಲ್ಲ. ಬ್ಯಾಂಕಿನ ಗುಂಪಿಗೆ ಉತ್ತರ ಬೇಕಾದರೆ ಹಾಲಿನಲ್ಲೇ ನಿಂತು ಕೊಡುವುದು. ಫ್ಯಾಮಿಲಿ ಲಿಂಕ್ ಇರಲಿ, ಆದರೆ ಅದರಲ್ಲಿ ಏನೇನು ಕಾಣುತ್ತದೆ ಎಂದು ಮಗಳಿಗೂ ತೋರಿಸುವುದು.

ಆಯಿ ತಮ್ಮ ಷರತ್ತು ಹೇಳಿದರು. “ನಂದೂ ಇಡ್ತೀನಿ. ನಂಬರ್ ಹಾಕೂದಿದ್ರ ಕೂಸಿನ ಮುಂದ ಹಾಕ್ರಿ, ಕದ್ದು ಬ್ಯಾಡ. ಮತ್ತ ಇಷ್ಟು ದಿನ ನೋಡಿದ್ದಕ್ಕ ಅದನ್ನ ಬೈಯಬ್ಯಾಡ್ರಿ.”

ತಾಯಿ ಬೈಯುವುದಿಲ್ಲ ಎಂದು ಒಪ್ಪಿದರು. ಆದರೆ ಮಿತಿ ಸಡಿಲಿಸಲು ಒಪ್ಪಲಿಲ್ಲ. ಹತ್ತನೆಯ ತರಗತಿಯವರೆಗೆ ಇನ್‌ಸ್ಟಾಗ್ರಾಮ್ ಇಲ್ಲ ಎಂಬ ಮಾತನ್ನೂ ಬಿಡಲಿಲ್ಲ. ತಂದೆಯೂ ಬೀಗ ಹಾಕಲು ಒಪ್ಪಲಿಲ್ಲ. ಇಷ್ಟು ಮಾತಾದ ಮೇಲೂ ಉಳಿದ ಈ ಭಿನ್ನಾಭಿಪ್ರಾಯ ಪ್ರಾಮಾಣಿಕವಾದದ್ದು. ಒಂದು ಹುಡುಗಿ, ಒಂದು ಹುಡುಗ. ಒಂದು ಮನೆಯಲ್ಲಿ ಆಯಿ ಇದ್ದಾರೆ, ಇನ್ನೊಂದರಲ್ಲಿ ರಾತ್ರಿ ಅಪ್ಪನೇ ಇಲ್ಲ. ಒಂದೇ ನಿಯಮ ಎರಡೂ ಮನೆಗೆ ಒಗ್ಗಬೇಕೆಂದೇನೂ ಇಲ್ಲ.

ಇಬ್ಬರೂ ಒಂದಾದದ್ದು ಬೇರೊಂದು ದೂರಿನಲ್ಲಿ. ಹೋಮ್‌ವರ್ಕ್ ಬರುವುದು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ, ಅದೂ ರಾತ್ರಿ ಎಂಟೂವರೆಗೆ. ನಾಳೆ ತರಬೇಕಾದ ಚಾರ್ಟಿನ ಪಟ್ಟಿ, ಪ್ರಾಜೆಕ್ಟಿನ ಲಿಂಕ್, ಪಿಡಿಎಫ್, ಅದರ ಕೆಳಗೆ ನಲವತ್ತು ಪೋಷಕರ ‘ಓಕೆ ಮ್ಯಾಮ್’. ಮಿತಿ ಹಾಕಿದ ಮನೆಯಲ್ಲೂ ಆ ಒಂದು ಪಿಡಿಎಫ್‌ಗಾಗಿ ಬೀಗ ತೆಗೆಯಬೇಕು. ತೆಗೆದದ್ದು ಪಿಡಿಎಫ್‌ನಲ್ಲಿ ನಿಲ್ಲುವುದಿಲ್ಲ.

“ಸಾಲಿಯವರಿಗೆ ಬರದು ಕೊಡೂಣ,” ಎಂದು ತಾಯಿ ಅಲ್ಲೇ ಟೈಪ್ ಮಾಡತೊಡಗಿದರು. ಹೋಮ್‌ವರ್ಕ್ ಸಂಜೆ ಆರರೊಳಗೆ ಬರಲಿ. ಸಾಧ್ಯವಿದ್ದಷ್ಟು ತರಗತಿಯಲ್ಲೇ ಡೈರಿಯಲ್ಲಿ ಬರೆಸಲಿ. ವಿಡಿಯೊ ನೋಡಿ ಮಾಡುವ ಪ್ರಾಜೆಕ್ಟು ವಾರದ ಕೊನೆಗೆ ಇರಲಿ.

“ಡೈರಿ ಬರಸೂದು ಶಿಕ್ಷಕರಿಗೆ ಕಷ್ಟ ಏನಲ್ಲ,” ಎಂದರು ಮಾಸ್ತರು. “ಆದ್ರ ನಾಕು ಮಂದಿ ಪೋಷಕರು ಕೇಳಿದ್ರ ಆಗಂಗಿಲ್ಲ. ಮುಂದಿನ ಸಭೆಕ್ಕ ಅರ್ಧ ಕ್ಲಾಸರೆ ಬರಬೇಕು.”

“ಹತ್ತನೇತ್ತೆದವರ ಕೋಚಿಂಗ್ ಟೆಸ್ಟ್ ರಾತ್ರಿ ಒಂಬತ್ತೂವರಿಗೆ ಇರ್ತಾವು. ಮುಂದಿನ ವರ್ಷ ನನ್ನ ಮಗಂದೂ ಅದ ಪಾಳಿ. ಅದಕ್ಕೇನ್ ಮಾಡೂಣ?”

ಯಾರ ಬಳಿಯೂ ಉತ್ತರವಿರಲಿಲ್ಲ. ಆ ತರಗತಿಯ ಮಕ್ಕಳನ್ನೇ ಕರೆದು ಕೇಳೋಣ ಎಂದರು ಮಾಸ್ತರು. ಶನಿವಾರ ಸಂಜೆ ಏಳಕ್ಕೆ, ಇದೇ ನೆಲಮಹಡಿಯಲ್ಲಿ, ಅಪಾರ್ಟ್‌ಮೆಂಟಿನ ಹುಡುಗ ಹುಡುಗಿಯರು ಮತ್ತು ಅವರ ತಂದೆತಾಯಂದಿರು ಕೂಡಿ ಕುಳಿತುಕೊಳ್ಳುವುದೆಂದು ಗೊತ್ತಾಯಿತು. ತಂದೆ ಕ್ಯಾಲೆಂಡರ್ ನೋಡಿದರು. ಆ ದಿನ ಅವರಿಗೆ ಹಗಲು ಡ್ಯೂಟಿ.